ನಾಲ್ಕು ಸೆಂಟಿಮೀಟರು ಇಳಿದ ಕಾರು

ಸಂಡೂರಿನ ಗಣಿಗಳಿಂದ ಅದಿರು ಹೊತ್ತು ತೋರಣಗಲ್ಲಿನ ಕಡೆ ಹೊರಡುವ ಹತ್ತು ಚಕ್ರದ ಟಿಪ್ಪರನ್ನು ಖಾಲಿ ಇದ್ದಾಗ ಒಮ್ಮೆ, ಲೋಡ್ ಆದ ಮೇಲೆ ಇನ್ನೊಮ್ಮೆ ನೋಡಬೇಕು. 2018ರಲ್ಲಿ ಕೇಂದ್ರ ಸರ್ಕಾರ ಮಿತಿ ಏರಿಸಿದ ಮೇಲೆ ಮೂರು ಅಚ್ಚಿನ ಇಂಥ ಗಾಡಿ ಸರಕೂ ಸೇರಿ 28.5 ಟನ್ ತೂಗಬಹುದು. ಅಷ್ಟು ಭಾರ ಬಿದ್ದಾಗ ಬಾಗಿದ್ದ ಕಮಾನ್ ಪಟ್ಟಿಗಳು ಹೆಚ್ಚುಕಡಿಮೆ ನೆಟ್ಟಗಾಗುತ್ತವೆ, ಗಾಡಿ ಕಣ್ಣಿಗೆ ಕಾಣುವಷ್ಟು ಕೆಳಗೆ ಕೂರುತ್ತದೆ. ಆದರೆ ಚಕ್ರಗಳು ನಿಂತಿರುವ ರೀತಿ ಮಾತ್ರ ಬದಲಾಗುವುದಿಲ್ಲ. ಖಾಲಿಯಲ್ಲಿ ನೆಟ್ಟಗಿದ್ದ ಚಕ್ರ ಲೋಡಿನಲ್ಲೂ ನೆಟ್ಟಗೇ ಇರುತ್ತದೆ.

ಅಲ್ಲೇ ಹತ್ತಿರದ ಹೊಸಪೇಟೆಯಲ್ಲಿ ಹುಡುಗನೊಬ್ಬ ತನ್ನ ಸಣ್ಣ ಕಾರಿನ ಸ್ಪ್ರಿಂಗ್ ಬದಲಿಸಿ ಗಾಡಿಯನ್ನು ಬರೀ ನಾಲ್ಕು ಸೆಂಟಿಮೀಟರು ಇಳಿಸುತ್ತಾನೆ. ನೋಡಲು ಚೆಂದ, ರಸ್ತೆಗೆ ಅಂಟಿಕೊಂಡು ಹೋಗುವ ಹಾಗೆ ಕಾಣುತ್ತದೆ. ಕೆಲವು ತಿಂಗಳಲ್ಲಿ ಮುಂದಿನ ಎರಡೂ ಟೈರುಗಳ ಒಳ ಅಂಚು ನೂಲು ಕಾಣುವಷ್ಟು ಸವೆದಿರುತ್ತದೆ. "ಅಲೈನ್‌ಮೆಂಟ್ ಮಾಡಿಸೀನಿ ಅಣ್ಣ, ಆದ್ರೂ ಟೈರ್ ತಿಂದೈತಿ" ಎಂಬ ದೂರು ಟೈರ್ ಅಂಗಡಿಯವರಿಗೆ ಹೊಸದಲ್ಲ. ಹತ್ತಾರು ಟನ್ನಿನ ಟಿಪ್ಪರಿಗೆ ಆಗದ್ದು ಒಂದು ಟನ್ನಿನ ಕಾರಿಗೆ ಯಾಕಾಯಿತು ಎಂಬುದಕ್ಕೆ ಉತ್ತರ ಅಚ್ಚಿನಲ್ಲಿದೆ.

ಟಿಪ್ಪರಿನ ಎಡ ಬಲ ಚಕ್ರಗಳನ್ನು ಒಂದೇ ಗಟ್ಟಿ ಅಚ್ಚು ಹಿಡಿದುಕೊಂಡಿರುತ್ತದೆ. ಎತ್ತಿನ ಬಂಡಿಯಲ್ಲೂ ಹೀಗೆಯೇ. ಹಂಪಿಯ ವಿಠ್ಠಲ ದೇವಾಲಯದ ಅಂಗಳದಲ್ಲಿರುವ, 50 ರೂಪಾಯಿ ನೋಟಿನ ಹಿಂಬದಿಯಲ್ಲಿ ನಾವು ದಿನವೂ ಕಾಣುವ ಕಲ್ಲಿನ ರಥದಲ್ಲೂ ಶಿಲ್ಪಿಗಳು ತೋರಿಸಿರುವುದು ಇದನ್ನೇ: ಚಕ್ರಗಳು ನೇರವಾಗಿ ನಿಂತಿವೆ, ಒಂದಕ್ಕೊಂದು ಸಮಾನಾಂತರವಾಗಿವೆ. ಗಟ್ಟಿ ಅಚ್ಚಿನ ಗಾಡಿಯ ಮೈ ಎಷ್ಟೇ ಕುಗ್ಗಲಿ, ಅಚ್ಚು ನೆಲಕ್ಕೆ ಸಮಾನಾಂತರವಾಗಿ ಇರುವವರೆಗೆ ಚಕ್ರದ ಕೋನ ಅಲುಗದು. ಅದಕ್ಕೆ ತೆರುವ ಬೆಲೆ ಬೇರೆ. ಎಡಗಾಲಿ ಕಲ್ಲು ಹತ್ತಿದರೆ ಬಲಗಾಲಿಯೂ ವಾಲುತ್ತದೆ, ಕೂತವರ ಸೊಂಟ ಮಾತಾಡುತ್ತದೆ.

ಆ ಕಷ್ಟ ತಪ್ಪಿಸಲೆಂದೇ ಕಾರಿನ ಮುಂಗಾಲಿಗಳನ್ನು ಬಿಡಿಬಿಡಿಯಾಗಿ ತೂಗುಬಿಟ್ಟರು. ಇವತ್ತು ನಮ್ಮ ರಸ್ತೆಯ ಬಹುಪಾಲು ಸಣ್ಣ ಕಾರುಗಳ ಮುಂಭಾಗದಲ್ಲಿರುವುದು ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ರೂಪಿಸಿದ ವ್ಯವಸ್ಥೆ. 1950ರ ಆಸುಪಾಸಿನಲ್ಲಿ ಯುರೋಪಿನ ಫೋರ್ಡ್ ಕಾರುಗಳಲ್ಲಿ ಅದು ರಸ್ತೆಗಿಳಿಯಿತು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಅದನ್ನು ನಮ್ಮ ಬೀದಿಬೀದಿಗೂ ತಂದಿತು. ಅದರಲ್ಲಿ ಇರುವುದು ಬಹಳ ಕಡಿಮೆ ಸಾಮಾನು. ಕೆಳಗೆ ಒಂದು ಲೋವರ್ ಆರ್ಮ್, ಅದರ ಹೊರತುದಿಯಲ್ಲಿ ಬಾಲ್ ಜಾಯಿಂಟ್. ಮೇಲೆ ಸ್ಪ್ರಿಂಗಿನೊಳಗೆ ಶಾಕ್ ಅಬ್ಸಾರ್ಬರ್ ಇರುವ ಉದ್ದನೆಯ ಕಂಬ, ಅದಕ್ಕೆ ಸ್ಟ್ರಟ್ ಎನ್ನುತ್ತಾರೆ. ಚಕ್ರ ಈ ಕಂಬಕ್ಕೆ ಬಿಗಿಯಾಗಿ ಕೂತಿರುತ್ತದೆ. ಕಂಬ ಎಷ್ಟು ವಾಲಿದರೆ ಚಕ್ರವೂ ಅಷ್ಟೇ ವಾಲಬೇಕು. ಕಾರಿನ ಎತ್ತರ ಬದಲಾದರೆ ಕಂಬದ ಓರೆಯೂ ಬದಲಾಗುತ್ತದೆ. ಹಾಗಾಗಿ ಇಂಥ ಕಾರಿನಲ್ಲಿ ಎತ್ತರ ಒಂದು, ಅಲೈನ್‌ಮೆಂಟ್ ಇನ್ನೊಂದು ಎಂದು ಬಿಡಿಸಿ ನೋಡಲು ಬರುವುದೇ ಇಲ್ಲ. ಎತ್ತರವನ್ನು ಮುಟ್ಟಿದವರು ಕೋನವನ್ನೂ ಮುಟ್ಟಿದಂತೆಯೇ.

ಕೋನಗಳು ಮೂರು. ಕಾರಿನ ಎದುರು ನಿಂತು ನೋಡಿದಾಗ ಚಕ್ರದ ತಲೆ ಒಳಗೋ ಹೊರಗೋ ವಾಲಿರುವುದು ಕ್ಯಾಂಬರ್. ಒಳಗೆ ವಾಲಿದ್ದರೆ ನೆಗೆಟಿವ್, ಹೊರಗೆ ವಾಲಿದ್ದರೆ ಪಾಸಿಟಿವ್. ಮೇಲಿನಿಂದ ನೋಡಿದಾಗ ಎರಡು ಚಕ್ರಗಳ ಮೂತಿ ಒಂದರ ಕಡೆಗೊಂದು ತಿರುಗಿದ್ದರೆ ಟೋ ಇನ್, ದೂರ ಸರಿದಿದ್ದರೆ ಟೋ ಔಟ್. ಮೂರನೆಯದು ಕ್ಯಾಸ್ಟರ್. ಪಕ್ಕದಿಂದ ನೋಡಿದಾಗ, ಸ್ಟೇರಿಂಗ್ ತಿರುಗುವ ಅಕ್ಷ ಹಿಂದಕ್ಕೆ ಒರಗಿರುವ ಕೋನ ಅದು. ಸೈಕಲ್ಲಿನ ಮುಂದಿನ ಫೋರ್ಕ್ ಓರೆಯಾಗಿರುವುದೂ ಇದಕ್ಕೇ. ಕೈಬಿಟ್ಟರೂ ಹ್ಯಾಂಡಲ್ ತಾನಾಗಿ ನೇರವಾಗುವುದು ಬಹುಮಟ್ಟಿಗೆ ಆ ಓರೆಯಿಂದ.

ಈಗ ಒಂದು ಲೆಕ್ಕ ಹಾಕೋಣ. ಯಾವುದೋ ಒಂದು ಕಂಪನಿಯ ಅಳತೆ ಇದಲ್ಲ, ಸಣ್ಣ ಕಾರಿಗೆ ಹೊಂದುವಂತೆ ನಾನೇ ಹಿಡಿದ ಅಂಕಿಗಳು. ಲೋವರ್ ಆರ್ಮಿನ ಉದ್ದ 350 ಮಿಲಿಮೀಟರು. ಮೊದಲಿನ ಎತ್ತರದಲ್ಲಿ ಅದರ ಹೊರತುದಿ ಒಳತುದಿಗಿಂತ 30 ಮಿ.ಮೀ. ಕೆಳಗಿದೆ. ಕಂಬದ ಮೇಲ್ತುದಿ ಬಾಲ್ ಜಾಯಿಂಟಿಗಿಂತ 600 ಮಿ.ಮೀ. ಮೇಲಿದೆ, ಕಂಬ 12 ಡಿಗ್ರಿ ಒಳಗೆ ವಾಲಿದೆ. ಕಾರನ್ನು 40 ಮಿ.ಮೀ. ಇಳಿಸಿದರೆ ಆರ್ಮಿನ ಹೊರತುದಿ ಈಗ ಒಳತುದಿಗಿಂತ 10 ಮಿ.ಮೀ. ಮೇಲಾಗುತ್ತದೆ. ಆ ಓಟದಲ್ಲಿ ಅದು ಹೊರಗೆ ಸರಿಯುವುದು ಒಂದು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಆದರೆ 600 ಇದ್ದ ಎತ್ತರ 560ಕ್ಕೆ ಇಳಿದಿದೆ. ಬುಡ ಮತ್ತು ತಲೆಯ ನಡುವಿನ ಅಡ್ಡ ಅಂತರ ಹಾಗೇ ಉಳಿದು ಎತ್ತರ ಮಾತ್ರ ಕಡಿಮೆಯಾದರೆ ಕಂಬ ಇನ್ನಷ್ಟು ಮಲಗಲೇಬೇಕಲ್ಲವೆ? ಹೊಸ ಕೋನ 12.94 ಡಿಗ್ರಿ. ಅಂದರೆ ಸೊನ್ನೆಯಲ್ಲಿದ್ದ ಕ್ಯಾಂಬರ್ ಒಂದು ಡಿಗ್ರಿಯ ಹತ್ತಿರ ನೆಗೆಟಿವ್ ಆಯಿತು.

ಇನ್ನೂ 40 ಮಿ.ಮೀ. ಇಳಿಸಿದರೆ ಇನ್ನೊಂದು ಡಿಗ್ರಿ ಸಿಗಬಹುದೆಂದು ತೋರುತ್ತದೆ, ಆದರೆ ಸಿಗುವುದು 0.6 ಡಿಗ್ರಿ ಮಾತ್ರ. ಆರ್ಮಿನ ಹೊರತುದಿ ಮೇಲೇರುತ್ತ ಹೋದಂತೆ ಅದು ಚಕ್ರದ ಬುಡವನ್ನು ಒಳಕ್ಕೆ ಎಳೆಯತೊಡಗುತ್ತದೆ. ಇನ್ನೂ ಮುಂದೆ ಹೋದರೆ ಕ್ಯಾಂಬರ್ ತಿರುಗಿ ಪಾಸಿಟಿವ್ ಕಡೆಗೇ ಹೊರಳುತ್ತದೆ. ತಿರುವಿನಲ್ಲಿ ಹೊರಮಗ್ಗುಲಿನ ಚಕ್ರಕ್ಕೆ ನೆಗೆಟಿವ್ ಕ್ಯಾಂಬರ್ ಅತಿ ಹೆಚ್ಚು ಬೇಕಾದ ಹೊತ್ತಿನಲ್ಲೇ ಅತಿಯಾಗಿ ಇಳಿಸಿದ ಕಾರು ಅದನ್ನು ಕೊಡಲಾರದೆ ನಿಲ್ಲುತ್ತದೆ.

ಇದಕ್ಕಿಂತ ಅಚ್ಚರಿಯದು ಇನ್ನೊಂದಿದೆ. ತಿರುವಿನಲ್ಲಿ ಕಾರಿನ ಮೈ ಯಾವ ಬಿಂದುವಿನ ಸುತ್ತ ವಾಲುತ್ತದೋ ಅದಕ್ಕೆ ರೋಲ್ ಸೆಂಟರ್ ಎನ್ನುತ್ತಾರೆ. ಆರ್ಮಿನ ಗೆರೆ, ಕಂಬಕ್ಕೆ ಲಂಬವಾಗಿ ಅದರ ಮೇಲ್ತುದಿಯಿಂದ ಎಳೆದ ಗೆರೆ, ಇವೆರಡು ಸೇರುವ ಜಾಗದಿಂದ ಅದನ್ನು ಕಾಗದದ ಮೇಲೆಯೇ ಗುರುತಿಸಬಹುದು. ನಮ್ಮ ಉದಾಹರಣೆಯ ಕಾರಿನ ಬಾಲ್ ಜಾಯಿಂಟು ನೆಲದಿಂದ 200 ಮಿ.ಮೀ. ಮೇಲೆ, ಟೈರು ನೆಲ ಮುಟ್ಟುವ ಜಾಗಕ್ಕಿಂತ 100 ಮಿ.ಮೀ. ಒಳಗೆ ಇದೆ ಎಂದೂ, ಎರಡು ಮುಂಗಾಲಿಗಳ ನಡುವೆ 1,460 ಮಿ.ಮೀ. ಇದೆ ಎಂದೂ ಹಿಡಿದರೆ ಮೊದಲಿನ ರೋಲ್ ಸೆಂಟರ್ ನೆಲದಿಂದ ಸುಮಾರು 126 ಮಿ.ಮೀ. ಎತ್ತರದಲ್ಲಿ ಬರುತ್ತದೆ. ಕಾರನ್ನು 40 ಮಿ.ಮೀ. ಇಳಿಸಿದ ಮೇಲೆ ಅದು ಸುಮಾರು 28ಕ್ಕೆ ಕುಸಿಯುತ್ತದೆ. ಮೈ ಇಳಿದದ್ದು 40, ಅದು ವಾಲುವ ಬಿಂದು ಇಳಿದದ್ದು 98! ತೂಕದ ಕೇಂದ್ರ 540 ಮಿ.ಮೀ. ಎತ್ತರದಲ್ಲಿತ್ತು ಎಂದುಕೊಂಡರೆ ಎರಡರ ನಡುವಿನ ಅಂತರ 414ರಿಂದ 472ಕ್ಕೆ, ಅಂದರೆ ಶೇಕಡ 14ರಷ್ಟು ಹಿಗ್ಗಿತು. ಕಾರು ತಗ್ಗಾದರೆ ತಿರುವಿನಲ್ಲಿ ಕಡಿಮೆ ವಾಲುತ್ತದೆ ಎಂಬ ನಂಬಿಕೆ ಈ ಜಾತಿಯ ಸಸ್ಪೆನ್ಷನ್‌ನಲ್ಲಿ ತಂತಾನೇ ನಿಜವಾಗುವುದಿಲ್ಲ. ಇಳಿಸಿದ ಕಾರು ಗಟ್ಟಿಯಾಗಿ ಕೂತಂತೆ ಅನ್ನಿಸುವುದು ಬಹುಪಾಲು ಗಡಸು ಸ್ಪ್ರಿಂಗಿನಿಂದ.

ಇನ್ನು ಟೈರ್ ತಿನ್ನುವ ವಿಷಯ. ಒಳ ಅಂಚು ಸವೆದದ್ದನ್ನು ಕಂಡ ಕೂಡಲೇ ಎಲ್ಲರೂ ಕ್ಯಾಂಬರ್ ಮೇಲೆ ಅಪವಾದ ಹೊರಿಸುತ್ತಾರೆ. ನನ್ನ ಎಣಿಕೆಯಲ್ಲಿ ದೊಡ್ಡ ಅಪರಾಧಿ ಟೋ. 185 ಮಿ.ಮೀ. ಅಗಲದ ಟೈರು ಒಂದು ಡಿಗ್ರಿ ವಾಲಿದರೆ ಒಳ ಅಂಚಿಗೂ ಹೊರ ಅಂಚಿಗೂ ಬರುವ ಎತ್ತರದ ವ್ಯತ್ಯಾಸ ಮೂರು ಮಿಲಿಮೀಟರಿಗಿಂತ ತುಸು ಹೆಚ್ಚು. ಗಾಳಿ ತುಂಬಿದ ರಬ್ಬರು ಅಷ್ಟನ್ನು ಬಾಗಿ ಸಹಿಸಿಕೊಳ್ಳುತ್ತದೆ. ಒಳ ಅಂಚಿನ ಮೇಲೆ ಭಾರ ಸ್ವಲ್ಪ ಹೆಚ್ಚು ಬೀಳುತ್ತದೆ ನಿಜ, ಆದರೆ ಚಕ್ರ ಉರುಳುವುದು ಹೋಗಬೇಕಾದ ದಿಕ್ಕಿಗೇ.

ಟೋ ತಪ್ಪಿದ ಚಕ್ರ ಹಾಗಲ್ಲ, ಅದರ ಮುಖ ಒಂದು ಕಡೆ, ಪಯಣ ಇನ್ನೊಂದು ಕಡೆ. ಚಕ್ರವನ್ನು ತಿರುಗಿಸುವ ಟೈ ರಾಡ್, ಸ್ಟೇರಿಂಗ್ ಅಕ್ಷದಿಂದ ಸುಮಾರು 130 ಮಿ.ಮೀ. ದೂರದಲ್ಲಿ ಚಕ್ರದ ತೋಳನ್ನು ಹಿಡಿದಿರುತ್ತದೆ ಎಂದುಕೊಳ್ಳಿ. ಕಾರು ಇಳಿದಾಗ ಟೈ ರಾಡ್ ಒಂದು ಕಮಾನಿನಲ್ಲಿ ತೂಗುತ್ತದೆ, ಲೋವರ್ ಆರ್ಮ್ ಇನ್ನೊಂದು ಕಮಾನಿನಲ್ಲಿ. ಎರಡೂ ಹೊಂದದೆ ರಾಡಿನ ತುದಿ ಇರಬೇಕಾದ ಜಾಗಕ್ಕಿಂತ ಒಂದೇ ಒಂದು ಮಿಲಿಮೀಟರು ತಪ್ಪಿದರೆ ಚಕ್ರ 0.44 ಡಿಗ್ರಿ ತಿರುಗುತ್ತದೆ. ಕೇಳಲು ಏನೂ ಅಲ್ಲ. ಆದರೆ 130ಕ್ಕೆ ಒಂದು ಎಂದರೆ ಪ್ರತಿ ಕಿಲೋಮೀಟರಿಗೆ 7.7 ಮೀಟರು. ಹೊಸಪೇಟೆಯಿಂದ ಹಂಪಿ ಸುಮಾರು 13 ಕಿಲೋಮೀಟರು. ಅಲ್ಲಿಗೆ ಹೋಗಿ ಮುಟ್ಟುವಷ್ಟರಲ್ಲಿ ಆ ಟೈರನ್ನು 100 ಮೀಟರು ಅಡ್ಡಡ್ಡ ಡಾಂಬರಿನ ಮೇಲೆ ಉಜ್ಜಿದಂತಾಯಿತು. ಎರಡೂ ಚಕ್ರಗಳು ಸಮನಾಗಿ ತಪ್ಪಿದ್ದರೆ ಕಾರು ಯಾವ ಕಡೆಗೂ ಎಳೆಯುವುದಿಲ್ಲ, ಹಾಗಾಗಿ ಓಡಿಸುವವನಿಗೆ ಸುಳಿವೂ ಹತ್ತುವುದಿಲ್ಲ. ಇದರ ಜೊತೆ ನೆಗೆಟಿವ್ ಕ್ಯಾಂಬರ್ ಸೇರಿದಾಗ ಈ ಉಜ್ಜಾಟವೆಲ್ಲ ಒಳ ಅಂಚಿನ ಪಾಲಿಗೇ ಬರುತ್ತದೆ. ಸವೆತ ಒಳಗೆ ಕಾಣುವುದು ಕ್ಯಾಂಬರಿನಿಂದ, ಬೇಗ ಸವೆಯುವುದು ಟೋನಿಂದ.

ಇದನ್ನು ಪತ್ತೆ ಹಚ್ಚಲು ಯಂತ್ರವೇ ಬೇಕೆಂದಿಲ್ಲ. ನಿಂತ ಕಾರಿನ ಸ್ಟೇರಿಂಗನ್ನು ಪೂರ್ತಿ ಒಂದು ಕಡೆ ತಿರುಗಿಸಿ, ಹೊರಬಂದ ಟೈರಿನ ಮೇಲೆ ಅಂಗೈಯನ್ನು ಅಡ್ಡಲಾಗಿ, ಒಳಗಿನಿಂದ ಹೊರಗೆ, ಆಮೇಲೆ ಹೊರಗಿನಿಂದ ಒಳಗೆ ಆಡಿಸಿ ನೋಡಬೇಕು. ಟೋ ಸರಿಯಿದ್ದರೆ ಎರಡೂ ಕಡೆ ಒಂದೇ ತರಹ. ತಪ್ಪಿದ್ದರೆ ಒಂದು ದಿಕ್ಕಿಗೆ ನುಣ್ಣಗೆ ಜಾರುವ ಕೈ ಇನ್ನೊಂದು ದಿಕ್ಕಿಗೆ ತಡೆಯುತ್ತದೆ. ಟೈರಿನ ಪ್ರತಿ ಬಟನ್ನಿನ ಒಂದು ಅಂಚು ದುಂಡಗೆ ಸವೆದು ಇನ್ನೊಂದು ಅಂಚು ಚೂಪಾಗಿ ಎದ್ದಿರುತ್ತದೆ. ಒಳ್ಳೆಯ ಟೈರ್ ಅಂಗಡಿಯವರು ಮಾತಾಡುತ್ತಲೇ ಕೈಯಾಡಿಸಿ ಹೇಳಿಬಿಡುತ್ತಾರೆ. ನೂಲು ಕಾಣುವವರೆಗೆ ಕಾಯುವ ಬದಲು ಸ್ಪ್ರಿಂಗ್ ಬದಲಿಸಿದ ಮೊದಲ ವಾರದಲ್ಲೇ ಹೀಗೆ ನೋಡಿಕೊಂಡರೆ ಟೈರು ಉಳಿಯುತ್ತದೆ. ಬಟನ್ನಿನ ಆಳ 1.6 ಮಿ.ಮೀ.ಗಿಂತ ಕಡಿಮೆಯಾದ ಟೈರನ್ನು ಕಾರಿನಲ್ಲಿ ಓಡಿಸುವುದು ನಿಯಮಕ್ಕೆ ವಿರುದ್ಧ ಬೇರೆ.

ದೂರುಗಳಲ್ಲಿ ಒಂದನ್ನು ಮಾತ್ರ ಸ್ವಲ್ಪ ತಾಳ್ಮೆಯಿಂದ ಕೇಳಬೇಕು: "ಗಾಡಿ ಎಡಕ್ಕ ಎಳಿತೈತಿ." ಮಳೆನೀರು ಹರಿದುಹೋಗಲೆಂದು ರಸ್ತೆಯ ನಡು ಎತ್ತರಿಸಿ ಅಂಚನ್ನು ನೂರಕ್ಕೆ ಎರಡರ ಆಸುಪಾಸಿನಲ್ಲಿ ತಗ್ಗಿಸಿರುತ್ತಾರೆ. ನಾವು ಎಡಗಡೆ ಓಡಿಸುವವರು. ಕೈ ಸಡಿಲಿಸಿದರೆ ಯಾವ ದೋಷವಿಲ್ಲದ ಕಾರೂ ನಿಧಾನವಾಗಿ ಎಡಕ್ಕೆ ಸರಿಯುತ್ತದೆ. ಅದೇ ಕಾರನ್ನು ಸಮತಟ್ಟಾದ ಬಯಲಿನಲ್ಲಿ ಓಡಿಸಿ ನೋಡಿದ ಮೇಲೆಯೇ ಪಾನ ಹಿಡಿಯಬೇಕು. ಅಲ್ಲೂ ಎಳೆದರೆ ಎರಡು ಬದಿಯ ಕ್ಯಾಂಬರಿನಲ್ಲಿ ಅಥವಾ ಕ್ಯಾಸ್ಟರಿನಲ್ಲಿ ವ್ಯತ್ಯಾಸ ಇದೆಯೇ, ಟೈರಿನ ಗಾಳಿ ಸಮನಾಗಿದೆಯೇ ಎಂದು ಹುಡುಕಬೇಕು.

ಕ್ಯಾಸ್ಟರ್ ಹೆಚ್ಚು ಕೆಡುವುದು ಮುಂದೆ ಮಾತ್ರ ಇಳಿಸಿ ಹಿಂದೆ ಹಾಗೇ ಬಿಟ್ಟಾಗ. ಎರಡು ಅಚ್ಚಿನ ನಡುವೆ 2,450 ಮಿ.ಮೀ. ಇರುವ ಕಾರಿನ ಮೂತಿ 40 ಮಿ.ಮೀ. ಬಾಗಿದರೆ ಕ್ಯಾಸ್ಟರ್ ಒಂದು ಡಿಗ್ರಿಯ ಹತ್ತಿರ ಕಳೆದುಹೋಗುತ್ತದೆ. ಸ್ಟೇರಿಂಗ್ ಹಗುರಾಗುತ್ತದೆ, ತಿರುವಿನಿಂದ ತಾನಾಗಿ ವಾಪಸ್ ಬರಲು ಸೋಮಾರಿತನ ಮಾಡುತ್ತದೆ. ಹಿಂಭಾಗದಲ್ಲಿ ನಮ್ಮ ಹೆಚ್ಚಿನ ಸಣ್ಣ ಕಾರುಗಳಿಗೆ ಇರುವುದು ಎರಡು ಚಕ್ರಗಳನ್ನು ಜೋಡಿಸುವ ಟಾರ್ಷನ್ ಬೀಮ್. ಅದು ಟಿಪ್ಪರಿನ ಅಚ್ಚಿಗೆ ಹತ್ತಿರದ ನೆಂಟ, ಇಳಿಸಿದರೂ ಕೋನ ಹೆಚ್ಚು ಬದಲಾಗದು. ಅಲ್ಲಿ ಕೋನ ತಪ್ಪಿದ್ದರೆ ಬೀಮ್ ಎಲ್ಲೋ ಪೆಟ್ಟು ತಿಂದಿದೆಯೇ ಎಂದು ಮೊದಲು ನೋಡಬೇಕು.

ಸರಿಪಡಿಸುವ ಕೆಲಸಕ್ಕೆ ಒಂದು ಕ್ರಮವಿದೆ. ಅದು ಅಲೈನ್‌ಮೆಂಟ್ ಯಂತ್ರದ ಹತ್ತಿರ ಶುರುವಾಗುವುದಿಲ್ಲ. ಲೋವರ್ ಆರ್ಮಿನ ಒಳತುದಿಯಲ್ಲಿ ರಬ್ಬರ್ ಬುಶ್ ಇರುತ್ತದೆ. ಅದು ಬೇರಿಂಗಿನ ಹಾಗೆ ಉರುಳುವುದಿಲ್ಲ. ಬೋಲ್ಟ್ ಬಿಗಿದಾಗ ಅದರ ಒಳಕೊಳವೆ ಆ ಜಾಗಕ್ಕೆ ಕಚ್ಚಿಕೊಳ್ಳುತ್ತದೆ, ಆಮೇಲೆ ಆರ್ಮ್ ಆಡಿದಷ್ಟೂ ರಬ್ಬರು ತಿರುಚಿಕೊಳ್ಳುತ್ತದೆ. ಕಾರನ್ನು ಲಿಫ್ಟಿನ ಮೇಲೆ ಎತ್ತಿ, ಚಕ್ರ ಕೆಳಗೆ ಜೋತುಬಿದ್ದಿರುವಾಗಲೇ ಬೋಲ್ಟ್ ಬಿಗಿದರೆ, ಕೆಳಗಿಳಿಸಿದ ಕ್ಷಣದಿಂದ ಆ ರಬ್ಬರು ತಿರುಚಿದ ಸ್ಥಿತಿಯಲ್ಲೇ ಬದುಕಬೇಕು. ಅದು ಕಾರನ್ನು ಕೊಂಚ ಮೇಲೆ ಎತ್ತಿ ಹಿಡಿದಿರುತ್ತದೆ, ಕೆಲವು ದಿನಕ್ಕೆ ಹರಿಯುತ್ತದೆ, ಎತ್ತರ ಬದಲಾಗುತ್ತದೆ, ಅಲೈನ್‌ಮೆಂಟ್ ಹೋಗುತ್ತದೆ. "ಮೊನ್ನೆ ತಾನೆ ಮಾಡಿಸಿದ್ದೆ" ಎಂಬ ಎಷ್ಟೋ ಗೋಳಿನ ಮೂಲ ಇಲ್ಲಿರುತ್ತದೆ. ಬೋಲ್ಟ್ ಸಡಿಲ ಇಟ್ಟು, ಕಾರಿನ ಪೂರ್ತಿ ಭಾರ ಚಕ್ರಗಳ ಮೇಲೆ ಬಿದ್ದ ನಂತರ, ಹೊಸ ಎತ್ತರದಲ್ಲಿ ಬಿಗಿಯಬೇಕು. ಲಿಫ್ಟಿನಿಂದ ಇಳಿಸಿದ ಕಾರನ್ನು ಕೆಲವು ಮೀಟರು ಹಿಂದೆ ಮುಂದೆ ಉರುಳಿಸಬೇಕು, ಬಾನೆಟ್ ಮೇಲೆ ಕೈಯಿಟ್ಟು ಎರಡು ಮೂರು ಸಲ ಅದುಮಿ ಬಿಡಬೇಕು. ಇಲ್ಲದಿದ್ದರೆ ಒಳಕ್ಕೆ ಎಳೆದುಕೊಂಡ ಟೈರು ನೆಲಕ್ಕೆ ಅಂಟಿ ನಿಂತು ಸುಳ್ಳು ಕೋನ ತೋರಿಸುತ್ತದೆ.

ಬಾಲ್ ಜಾಯಿಂಟಿನಲ್ಲಿ, ಟೈ ರಾಡ್ ತುದಿಯಲ್ಲಿ ಆಟ ಇದ್ದರೆ ಮೊದಲು ಅದನ್ನು ಬದಲಿಸದೆ ಮುಂದೆ ಹೋಗುವುದರಲ್ಲಿ ಅರ್ಥವಿಲ್ಲ. ಆಮೇಲೆ ಕ್ಯಾಸ್ಟರ್ ನೋಡಿ, ಕ್ಯಾಂಬರ್ ಸರಿಪಡಿಸಿ, ಕೊನೆಗೆ ಟೋ. ಈ ಸರಣಿ ಯಾಕೆಂದರೆ ಕ್ಯಾಂಬರ್ ಮುಟ್ಟಿದರೆ ಟೋ ಕೆಡುತ್ತದೆ, ಟೋ ಮುಟ್ಟಿದರೆ ಕ್ಯಾಂಬರಿಗೆ ಹೆಚ್ಚೇನೂ ಆಗುವುದಿಲ್ಲ. ನಮ್ಮ ಅನೇಕ ಸಣ್ಣ ಕಾರುಗಳಲ್ಲಿ ಕಂಪನಿ ಕ್ಯಾಂಬರ್ ಹೊಂದಿಸಲು ಜಾಗವನ್ನೇ ಕೊಟ್ಟಿರುವುದಿಲ್ಲ. ಕಂಬವನ್ನು ಚಕ್ರದ ಗಂಟಿಗೆ ಸೇರಿಸುವ ಎರಡು ಬೋಲ್ಟುಗಳಲ್ಲಿ ಒಂದನ್ನು ತೆಗೆದು ನಡು ಓರೆಯಾದ ಕ್ಯಾಂಬರ್ ಬೋಲ್ಟ್ ಹಾಕಿದರೆ ಡಿಗ್ರಿಯ ಆಸುಪಾಸಿನಲ್ಲಿ ಹೊಂದಾಣಿಕೆ ಸಿಗುತ್ತದೆ. ಮೇಲ್ತುದಿಗೆ ಸರಿಸಬಲ್ಲ ಕ್ಯಾಂಬರ್ ಪ್ಲೇಟ್ ಹಾಕುವುದು ಇನ್ನೊಂದು ದಾರಿ. ಕೆಲವೆಡೆ ಜಾಕ್ ಹಚ್ಚಿ ಕಂಬವನ್ನೇ ಬಗ್ಗಿಸಿ ಯಂತ್ರದಲ್ಲಿ ಹಸಿರು ಅಂಕಿ ತರಿಸುತ್ತಾರೆ. ಬಾಗಿದ ಕಂಬದೊಳಗೆ ಶಾಕ್ ಅಬ್ಸಾರ್ಬರಿನ ದಂಡ ಉಜ್ಜಿಕೊಂಡು ಓಡಾಡುತ್ತದೆ, ಅದರ ಆಯಸ್ಸು ಅಲ್ಲಿಗೆ ಮುಗಿಯುತ್ತದೆ. ಇದನ್ನು ಯಾರೂ ಒಪ್ಪಿಕೊಳ್ಳಬಾರದು. ಒಂದು ಡಿಗ್ರಿ ನೆಗೆಟಿವ್ ಕ್ಯಾಂಬರ್ ಎರಡೂ ಬದಿ ಸಮನಾಗಿದ್ದರೆ ಅದನ್ನು ಹಾಗೇ ಬಿಟ್ಟು ಟೋ ಮಾತ್ರ ಚೊಕ್ಕ ಮಾಡುವುದೇ ಮೇಲು.

ಟೋ ಅಳೆಯಲು ದಾರವೂ ಸಾಕು. ಸಮತಟ್ಟಾದ ನೆಲದಲ್ಲಿ ಕಾರು ನಿಲ್ಲಿಸಿ, ಚಕ್ರದ ಮಧ್ಯದ ಎತ್ತರಕ್ಕೆ ಸರಿಯಾಗಿ ಎರಡೂ ಬದಿಗೆ ಬಿಗಿಯಾಗಿ ದಾರ ಕಟ್ಟಬೇಕು. ಎರಡು ದಾರಗಳ ನಡುವಿನ ಅಂತರ ಮುಂದೆಯೂ ಹಿಂದೆಯೂ ಒಂದೇ ಇರಬೇಕು, ಕಾರು ಅವುಗಳ ನಟ್ಟನಡುವೆ ಇರಬೇಕು. ಸಮಯ ಹಿಡಿಯುವುದು ಇದೇ. ಆಮೇಲೆ ಸ್ಟೀಲ್ ಸ್ಕೇಲಿನಿಂದ ದಾರಕ್ಕೂ ರಿಮ್ಮಿನ ಮುಂದಿನ ಅಂಚಿಗೂ ಎಷ್ಟು, ಹಿಂದಿನ ಅಂಚಿಗೂ ಎಷ್ಟು ಎಂದು ನೋಡಬೇಕು. 400 ಮಿ.ಮೀ. ಅಡ್ಡಳತೆಯ ರಿಮ್ಮಿನಲ್ಲಿ ಆ ಹಿಂದೆ ಹೇಳಿದ 0.44 ಡಿಗ್ರಿ ಮೂರು ಮಿಲಿಮೀಟರಿನ ವ್ಯತ್ಯಾಸವಾಗಿ ಕಾಣಿಸಿಕೊಳ್ಳುತ್ತದೆ. ಬರಿಗಣ್ಣಿಗೆ ಓದಲು ಬರುವ ಅಳತೆ ಅದು. ಟೈ ರಾಡಿನ ಲಾಕ್ ನಟ್ ಸಡಿಲಿಸಿ ರಾಡನ್ನು ಅರ್ಧ ಸುತ್ತು ತಿರುಗಿಸಿದರೆ, ಎಳೆಗಳ ಅಂತರ 1.5 ಮಿ.ಮೀ. ಇದ್ದಲ್ಲಿ, ಉದ್ದ ಮುಕ್ಕಾಲು ಮಿಲಿಮೀಟರು ಬದಲಾಗುತ್ತದೆ. ಎರಡೂ ಬದಿ ಸಮನಾಗಿ ತಿರುಗಿಸಬೇಕು, ಇಲ್ಲದಿದ್ದರೆ ನೇರ ರಸ್ತೆಯಲ್ಲಿ ಸ್ಟೇರಿಂಗ್ ಓರೆಯಾಗಿ ಕೂರುತ್ತದೆ. ಕ್ಯಾಮೆರಾ ಇರುವ ಯಂತ್ರ ಇದನ್ನೇ ಬೇಗ, ಹೆಚ್ಚು ನಿಖರವಾಗಿ ಮಾಡುತ್ತದೆ. ಕಂಪನಿ ಕೊಟ್ಟ ಅಂಕಿ ಕಂಪನಿಯ ಎತ್ತರಕ್ಕೆ ಹೇಳಿದ್ದು ಎಂಬುದು ಮಾತ್ರ ಯಂತ್ರಕ್ಕೆ ಗೊತ್ತಿರುವುದಿಲ್ಲ. ಇಳಿಸಿದ ಕಾರಿಗೂ ಟೋ ಗುರಿ ಅದೇ ಇಟ್ಟುಕೊಳ್ಳಬಹುದು. ಕ್ಯಾಂಬರ್ ಅಂಕಿ ಕೆಂಪು ತೋರಿಸಿದರೆ ಗಾಬರಿ ಬೇಡ.

ನಿಂತಾಗ ಸರಿಯಾದ ಟೋ ಓಡುವಾಗಲೂ ಸರಿಯಾಗಿ ಇರುತ್ತದೆಯೆ? ಇದು ಕಂಪ್ಲಿ ಕಡೆ ಹೋಗುವವರು ಕೇಳಲೇಬೇಕಾದ ಪ್ರಶ್ನೆ. ಕಾಲುವೆ ನೀರಿನ ಭತ್ತದ ಗದ್ದೆಗಳ ನಡುವೆ, ಎರೆಮಣ್ಣಿನ ಮೇಲೆ ಹಾಕಿದ ರಸ್ತೆ ಸಮತಟ್ಟಾಗಿ ಉಳಿಯುವುದು ಕಷ್ಟ. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ. ಮೇಲಿನ ಡಾಂಬರು ಅಲೆಅಲೆಯಾಗಿ ಏಳುತ್ತದೆ. ಕಬ್ಬಿನ ಟ್ರ್ಯಾಕ್ಟರುಗಳ ಭಾರ ಬೇರೆ. ಇಂಥ ರಸ್ತೆಯಲ್ಲಿ ಚಕ್ರ ಸದಾ ಮೇಲೆ ಕೆಳಗೆ ಆಡುತ್ತಿರುತ್ತದೆ. ಕಂಪನಿಯ ಎತ್ತರದಲ್ಲಿ ಟೈ ರಾಡ್ ಮತ್ತು ಲೋವರ್ ಆರ್ಮಿನ ಕಮಾನುಗಳು ಹೊಂದಿಕೊಂಡಿರುವ ಕಾರಣ ಆ ಆಟದಲ್ಲಿ ಟೋ ಅಷ್ಟಾಗಿ ಬದಲಾಗದು. ಇಳಿಸಿದ ಕಾರಿನಲ್ಲಿ ರಾಡೂ ಆರ್ಮೂ ಬೇರೆ ಓರೆಯಲ್ಲಿ ನಿಂತಿರುತ್ತವೆ. ಪ್ರತಿ ಉಬ್ಬಿಗೂ ಚಕ್ರ ತಾನಾಗಿಯೇ ತುಸು ತಿರುಗುತ್ತದೆ, ಸ್ಟೇರಿಂಗ್ ಅಲುಗಿಸದೆಯೂ ಕಾರು ಆಚೆ ಈಚೆ ಮೂತಿ ಹಾಕುತ್ತದೆ. ಇದು ಬಂಪ್ ಸ್ಟಿಯರ್. ನಟ್ ತಿರುಗಿಸಿ ಇದನ್ನು ಸರಿಪಡಿಸಲಾಗದು. ಟೈ ರಾಡಿನ ಹೊರತುದಿಯ ಎತ್ತರವನ್ನೇ ಬದಲಿಸುವ ಬಿಡಿಭಾಗ, ಬಾಲ್ ಜಾಯಿಂಟನ್ನು ಕೆಳಗಿಳಿಸುವ ಬಿಡಿಭಾಗ ಹಾಕಿ ಇವೆರಡರ ಓರೆಯನ್ನು ಮೊದಲಿನಂತೆ ಮಾಡಬೇಕು. ಹಾಗೆ ಮಾಡಿದರೆ ಕುಸಿದಿದ್ದ ರೋಲ್ ಸೆಂಟರ್ ಕೂಡ ಮೇಲೇಳುತ್ತದೆ. ನಮ್ಮ ಕಾರುಗಳಲ್ಲಿ ಕೆಲವಕ್ಕೆ ಮಾತ್ರ ಇಂಥವು ದೊರೆಯುತ್ತವೆ. ಸಿಗದಿದ್ದರೆ 25-30 ಮಿ.ಮೀ.ಗಿಂತ ಹೆಚ್ಚು ಇಳಿಸದಿರುವುದೇ ನನ್ನ ಮಟ್ಟಿಗೆ ಜಾಣತನ.

ಸ್ಪ್ರಿಂಗ್ ಕತ್ತರಿಸಿ ಇಳಿಸುವ ರೂಢಿ ಇನ್ನೂ ಇದೆ. ಆರು ಸುತ್ತು ಕೆಲಸ ಮಾಡುವ ಸ್ಪ್ರಿಂಗಿನಲ್ಲಿ ಒಂದು ಸುತ್ತು ತೆಗೆದರೆ ಉಳಿದದ್ದು ಶೇಕಡ 20 ಗಡಸಾಗುತ್ತದೆ, ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಬಿಗಿ. ಅಷ್ಟು ಬಿಗಿ ಸಾಲದು. ಚಕ್ರ ಮೇಲೇರಲು 80 ಮಿ.ಮೀ. ಜಾಗ ಇದ್ದದ್ದು 40 ಆಯಿತೆನ್ನಿ, ಅದೇ ಗುಂಡಿಯ ಅದೇ ಪೆಟ್ಟನ್ನು ಅರ್ಧ ಜಾಗದಲ್ಲಿ ನುಂಗಿಕೊಳ್ಳಲು ಸ್ಪ್ರಿಂಗ್ ನಾಲ್ಕು ಪಟ್ಟು ಗಡಸಾಗಿರಬೇಕು. ಅಷ್ಟು ಗಡಸು ಸ್ಪ್ರಿಂಗಿನಲ್ಲಿ ಯಾರೂ ಕೂರಲಾರರು. ಉಳಿದ ಪೆಟ್ಟು ಬಂಪ್ ಸ್ಟಾಪಿನ ರಬ್ಬರಿಗೆ, ಅದರಾಚೆ ಕಾರಿನ ಮೈಗೆ ಬೀಳುತ್ತದೆ. ಗ್ಯಾಸ್ ಹಚ್ಚಿ ಕಾಯಿಸಿ ಕುಗ್ಗಿಸಿದ ಸ್ಪ್ರಿಂಗ್ ಇನ್ನೂ ಕೆಟ್ಟದ್ದು, ಉಕ್ಕಿನ ಹದವೇ ಹೋಗಿ ಅದು ದಿನೇದಿನೇ ಕುಸಿಯುತ್ತದೆ. ಕುಸಿದಷ್ಟೂ ಕೋನ ಬದಲು.

ಹೊಟ್ಟೆ ತಾಗುವುದು ಹಂಪ್ಸ್‌ನ ತಪ್ಪು, ಕಾರಿನದಲ್ಲ ಎಂದು ಕಾರು ಇಳಿಸಿದ ಹುಡುಗರು ಹೇಳುವ ಮಾತಿನಲ್ಲಿ ನ್ಯಾಯವಿದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ದುಂಡನೆಯ ಹಂಪ್ 3.7 ಮೀಟರು ಅಗಲ, 10 ಸೆಂ.ಮೀ. ಎತ್ತರ, 17 ಮೀಟರು ತ್ರಿಜ್ಯದ್ದು. 2,450 ಮಿ.ಮೀ. ಅಂತರದ ಅಚ್ಚುಗಳ ಕಾರು ಪೂರ್ತಿಯಾಗಿ ಅದರ ಮೇಲೆ ಹತ್ತಿ ನಿಂತಾಗ ಹೊಟ್ಟೆಯ ಕಡೆಗೆ ಅದು ಉಬ್ಬುವುದು ಬರೀ 44 ಮಿ.ಮೀ. ಇಳಿಸಿದ ಕಾರೂ ಅಂಥದ್ದನ್ನು ಸಲೀಸಾಗಿ ದಾಟುತ್ತದೆ. ಊರೊಳಗೆ ಒಂದು ರಾತ್ರಿಯಲ್ಲಿ ಎದ್ದುನಿಲ್ಲುವ, ಎರಡಡಿ ಅಗಲದ ಗೋಡೆಯಂಥ ಹಂಪ್ ಎರಡು ಅಚ್ಚುಗಳ ನಡುವೆ ಇಡಿಯಾಗಿ ನುಸುಳುತ್ತದೆ, ಅದರ ಪೂರ್ತಿ ಎತ್ತರ ಹೊಟ್ಟೆಗೆ. ಎಂಜಿನ್ನಿನ ಆಯಿಲ್ ಚೇಂಬರ್ ಒಡೆಯುವುದು ಅಲ್ಲೇ.

ಕೋನದ ಆಚೆ ಇನ್ನೆರಡು ಸಂಗತಿ. ಕೆಲವು ಕಾರುಗಳಲ್ಲಿ ಹಿಂದಿನ ಬ್ರೇಕಿನ ಒತ್ತಡವನ್ನು ನಿಯಂತ್ರಿಸುವ ವಾಲ್ವ್ ಒಂದು ಸರಳಿನ ಮೂಲಕ ಹಿಂದಿನ ಅಚ್ಚಿಗೆ ಕಟ್ಟಿಕೊಂಡಿರುತ್ತದೆ. ಕಾರು ತಗ್ಗಿದರೆ ಭಾರ ಹೇರಿದ್ದಾರೆಂದು ಅದು ಎಣಿಸಿ ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಖಾಲಿ ಕಾರಿನ ಹಿಂಗಾಲಿಗಳು ಮಳೆಯಲ್ಲಿ ಮೊದಲೇ ಲಾಕ್ ಆಗಿ ಗಾಡಿ ತಿರುಗಿ ನಿಲ್ಲಬಹುದು. ಆ ಸರಳನ್ನು ಹೊಸ ಎತ್ತರಕ್ಕೆ ಹೊಂದಿಸಲೇಬೇಕು. ಇನ್ನು ಕಾನೂನು: ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಕ್ಕೆ ಹೊಂದದಂತೆ ವಾಹನ ಬದಲಿಸುವುದನ್ನು ತಡೆಯುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿದಿದೆ. ಇಳಿಸುವ ಮೊದಲು ಆರ್‌ಟಿಒ ಕಚೇರಿಯಲ್ಲೂ ವಿಮೆಯವರಲ್ಲೂ ವಿಚಾರಿಸಿಕೊಳ್ಳಬೇಕು.

ಅಳತೆ ತೆಗೆಯುವಾಗ ಕಾರಿನಲ್ಲಿ ಎಷ್ಟು ಭಾರ ಇರಬೇಕು ಎಂಬುದನ್ನು ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ. ಒಬ್ಬನೇ ಓಡಿಸುವ ಕಾರಾದರೆ ಡ್ರೈವರ್ ಸೀಟಿನಲ್ಲಿ ಅವನಷ್ಟೇ ತೂಕ ಇಟ್ಟು ಅಳೆಯುವುದು ಒಳ್ಳೆಯದು. ಹೊಸಪೇಟೆ ರೈಲ್ವೆ ನಿಲ್ದಾಣದಿಂದ ಪ್ರವಾಸಿಗರನ್ನು ಹತ್ತಿಸಿಕೊಂಡು ಡಿಕ್ಕಿ ತುಂಬ ಲಗೇಜಿನೊಂದಿಗೆ ಹಂಪಿ ಸುತ್ತುವ ಟ್ಯಾಕ್ಸಿಯ ಲೆಕ್ಕ ಬೇರೆ. ಅದರ ಹಳೆಯ ಸ್ಪ್ರಿಂಗುಗಳು ಯಾರೂ ಇಳಿಸದೆಯೇ ಕುಗ್ಗಿರುತ್ತವೆ. ಇಲ್ಲಿ ಹೇಳಿದ್ದೆಲ್ಲ ಅದಕ್ಕೂ ಅನ್ವಯಿಸುತ್ತದೆ. ಇಳಿದ ಕಾರಿಗೆ ಅಲೈನ್‌ಮೆಂಟ್ ಮಾಡಿಸಿದ ದಿನವೇ ನಾಲ್ಕೂ ಚಕ್ರಗಳ ಮಧ್ಯದಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗಿನ ಎತ್ತರವನ್ನು ಟೇಪಿನಿಂದ ಅಳೆದು ಯಂತ್ರ ಕೊಡುವ ಪ್ರಿಂಟಿನ ಮೇಲೆ ಬರೆದಿಡಿ. ಹೊಸ ಸ್ಪ್ರಿಂಗುಗಳು ಮೊದಲ ಕೆಲವು ನೂರು ಕಿಲೋಮೀಟರಿನಲ್ಲಿ ಇನ್ನೂ ಕೊಂಚ ಕೂರುತ್ತವೆ. ಆಮೇಲೆ ಮತ್ತೆ ಅಳೆದಾಗ ಐದಾರು ಮಿಲಿಮೀಟರು ಕಡಿಮೆ ಕಂಡರೆ ಕ್ಯಾಂಬರ್ ಬಿಟ್ಟು ಟೋ ಒಂದನ್ನೇ ಮತ್ತೆ ನೋಡಿಸಿ.